ಏಣಿ ಪೂರ್ತಿ ಜಾರಿದಾಗ ಏನಾಗುತ್ತೆ? ಪಿಯುಸಿ ಗಣಿತದ ಪ್ರಶ್ನೆಪತ್ರಿಕೆ ಬರೆಯುವವರಿಗೆ ಒಂದು ಬಹಿರಂಗ ಪತ್ರ

ದ್ವಿತೀಯ ಪಿಯುಸಿ ಗಣಿತದ ಪ್ರಶ್ನೆಪತ್ರಿಕೆ ತಯಾರಿಸುವ ಮೇಷ್ಟ್ರುಗಳಿಗೆ, ಮೇಡಂಗಳಿಗೆ,

ನಮಸ್ಕಾರ.

ನೀವು ಯಾರು ಅಂತ ನನಗೆ ಗೊತ್ತಿಲ್ಲ. ಗೊತ್ತಾಗಲೂ ಬಾರದು, ಅದು ಗುಟ್ಟಿನ ಕೆಲಸ. ಆದರೆ ನೀವೂ ನನ್ನ ಹಾಗೇ ಕೈಗೆ ಸೀಮೆಸುಣ್ಣ ಮೆತ್ತಿಕೊಂಡು ಬದುಕಿದವರು. ಅದಕ್ಕೇ ಈ ಪತ್ರವನ್ನು ಮಂತ್ರಿಗಳಿಗೆ ಬರೆಯದೆ ನಿಮಗೇ ಬರೆಯುತ್ತಿದ್ದೇನೆ. ಒಂದು ತಾಲ್ಲೂಕು ಊರಿನ ಪಿಯು ಕಾಲೇಜಿನಲ್ಲಿ 29 ವರ್ಷ ಲೆಕ್ಕ ಹೇಳಿಕೊಟ್ಟು ಕಳೆದ ವರ್ಷ ನಿವೃತ್ತನಾದೆ. ಈಗ ಬಾಯಿ ಬಿಟ್ಟು ಮಾತಾಡಬಹುದು ಅನ್ನೋ ಧೈರ್ಯ ಬಂದಿದೆ. ಕೆಲಸದಲ್ಲಿದ್ದಾಗ ಯಾಕೆ ಮಾತಾಡಲಿಲ್ಲ ಅಂತ ಕೇಳಿದರೆ ನನ್ನ ಹತ್ತಿರ ಒಳ್ಳೆಯ ಉತ್ತರ ಇಲ್ಲ.

ಏಣಿಯ ಲೆಕ್ಕದಿಂದ ಶುರು ಮಾಡುತ್ತೇನೆ. ನಿಮಗೆ ಅದು ಬಾಯಿಪಾಠ ಇರುತ್ತದೆ. 5 ಮೀಟರ್ ಉದ್ದದ ಏಣಿ ಗೋಡೆಗೆ ಒರಗಿದೆ. ಅದರ ಬುಡವನ್ನು ಸೆಕೆಂಡಿಗೆ 2 ಸೆಂಟಿಮೀಟರಿನಂತೆ ಹೊರಕ್ಕೆ ಎಳೆಯುತ್ತಿದ್ದಾರೆ. ಬುಡ ಗೋಡೆಯಿಂದ 4 ಮೀಟರ್ ದೂರ ಇದ್ದಾಗ ಮೇಲಿನ ತುದಿ ಎಷ್ಟು ವೇಗವಾಗಿ ಇಳಿಯುತ್ತಿರುತ್ತದೆ? ಪೈಥಾಗೊರಸ್ ಬರೆದು, ಡಿಫರೆನ್ಶಿಯೇಟ್ ಮಾಡಿ, ಸಂಖ್ಯೆ ಹಾಕಿದರೆ ಸೆಕೆಂಡಿಗೆ 8/3 ಸೆಂಟಿಮೀಟರ್. ಬೋರ್ಡಿನ ಮೇಲೆ ಏಳೆಂಟು ಸಾಲು. ನಿದ್ದೆಗಣ್ಣಿನಲ್ಲೂ ಮಾಡಬಲ್ಲೆ.

ಒಂದು ವರ್ಷ ಈ ಲೆಕ್ಕ ಮುಗಿಸಿ ಕೈ ಒರೆಸಿಕೊಳ್ಳುತ್ತಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. ಅವರಪ್ಪ ಮನೆಗಳಿಗೆ ಬಣ್ಣ ಬಳಿಯುವ ಕೆಲಸ ಮಾಡುತ್ತಿದ್ದರು. ಏಣಿ ಜಾರುವುದನ್ನು ಇಡೀ ಕ್ಲಾಸಿನಲ್ಲಿ ಕಣ್ಣಾರೆ ಕಂಡಿದ್ದವನು ಅವನೊಬ್ಬನೇ ಅನ್ನಿಸುತ್ತದೆ.

"ಸಾರ್, ಬುಡ ಪೂರ್ತಿ 5 ಮೀಟರಿಗೆ ಬಂದಾಗ ತುದಿಯ ಸ್ಪೀಡ್ ಎಷ್ಟಿರುತ್ತೆ?"

ನಾನು ಹೇಳಿದ್ದು: "ಅದು ಎಕ್ಸಾಮಿಗೆ ಬರಲ್ಲ, ಕೂತ್ಕೋ."

ಅವನು ಕೂತ. ಆಮೇಲೆ ಆ ವರ್ಷವೆಲ್ಲ ಎದ್ದು ನಿಲ್ಲಲಿಲ್ಲ.

ಅವನು ಕೇಳಿದ್ದು ಎಂಥ ಪ್ರಶ್ನೆ ನೋಡಿ. ತುದಿ ಇಳಿಯುವ ವೇಗ ಬೇಕಾದರೆ ಬುಡದ ದೂರವನ್ನು ತುದಿಯ ಎತ್ತರದಿಂದ ಭಾಗಿಸಿ 2ರಿಂದ ಗುಣಿಸಬೇಕು. ಎತ್ತರ ಕಡಿಮೆಯಾದಷ್ಟೂ ವೇಗ ಏರುತ್ತದೆ. ತುದಿ ನೆಲದಿಂದ 1 ಸೆಂಟಿಮೀಟರ್ ಮೇಲಿದ್ದಾಗ ವೇಗ ಸೆಕೆಂಡಿಗೆ ಸುಮಾರು 10 ಮೀಟರ್. 1 ಮಿಲಿಮೀಟರ್ ಮೇಲಿದ್ದಾಗ ಸುಮಾರು 100 ಮೀಟರ್, ಅಂದರೆ ಗಂಟೆಗೆ 360 ಕಿಲೋಮೀಟರ್. ನೆಲ ಮುಟ್ಟುವ ಹೊತ್ತಿಗೆ ಸೊನ್ನೆಯಿಂದ ಭಾಗಿಸಬೇಕು. ಬುಡವನ್ನು ಆಮೆಯ ಹಾಗೆ ಎಳೆಯುತ್ತಿದ್ದೇವೆ, ತುದಿ ಮಾತ್ರ ರೈಲಿಗಿಂತ ಜೋರಾಗಿ ಓಡುತ್ತಿದೆ! ಹಾಗಾದರೆ ತಪ್ಪು ಎಲ್ಲಿದೆ? ಲೆಕ್ಕದಲ್ಲಿ ತಪ್ಪಿಲ್ಲ. ತುದಿ ಕೊನೆಯವರೆಗೂ ಗೋಡೆಗೆ ಅಂಟಿಕೊಂಡೇ ಇರುತ್ತದೆ ಅಂತ ನಾವು ಬಾಯಿಬಿಡದೆ ಒಪ್ಪಿಕೊಂಡೆವಲ್ಲ, ಅಲ್ಲಿದೆ. ನಿಜವಾದ ಏಣಿ ಅಷ್ಟರೊಳಗೆ ಗೋಡೆ ಬಿಟ್ಟಿರುತ್ತದೆ. ಒಂದು ಸೂತ್ರ ಎಲ್ಲಿಯವರೆಗೆ ನಂಬಿಕೆಗೆ ಯೋಗ್ಯ ಅನ್ನುವುದನ್ನು ಹದಿನೇಳು ವರ್ಷದ ಹುಡುಗ ತಾನೇ ಕಂಡುಕೊಳ್ಳುವ ಅಂಚಿನಲ್ಲಿದ್ದ. ನಾನು ಕೂರಿಸಿಬಿಟ್ಟೆ.

ಆದರೆ ಸ್ವಾಮಿ, ನಾನು ಹೇಳಿದ್ದು ಸುಳ್ಳಾಗಿರಲಿಲ್ಲ. ಅದು ಎಕ್ಸಾಮಿಗೆ ನಿಜವಾಗಲೂ ಬರಲ್ಲ. ಈ ಪತ್ರ ಬರೆಯುತ್ತಿರುವುದೇ ಅದಕ್ಕೆ.

ನಮ್ಮ ಪ್ರಶ್ನೆಪತ್ರಿಕೆಯ ಕಥೆ ನಿಮಗೆ ಹೇಳಬೇಕಾಗಿಲ್ಲ. ಓದುವ ಉಳಿದವರಿಗಾಗಿ ಎರಡು ಮಾತು. ಎ ವಿಭಾಗದಲ್ಲಿ ಒಂದೊಂದು ಅಂಕದವು, ಬಿಯಲ್ಲಿ ಎರಡು, ಸಿಯಲ್ಲಿ ಮೂರು, ಡಿಯಲ್ಲಿ ಐದು, ಕೊನೆಗೆ ಇ ವಿಭಾಗದಲ್ಲಿ ಆರು ಮತ್ತು ನಾಲ್ಕು ಅಂಕದವು. ಯಾವ ಪಾಠದಿಂದ ಎಷ್ಟು ಅಂಕ ಅನ್ನುವುದಕ್ಕೆ ಬ್ಲೂಪ್ರಿಂಟ್ ಇದೆ. ಇಲ್ಲಿಯವರೆಗೆ ಸರಿ. ಮಕ್ಕಳಿಗೆ ಒಂದು ಅಂದಾಜು ಬೇಕು. ಆದರೆ ವರ್ಷ ವರ್ಷ ಕಳೆದ ಹಾಗೆ ಆ ಅಂದಾಜು ಗಟ್ಟಿಯಾಗಿ ಕಲ್ಲಾಯಿತು. ಆರು ಅಂಕದ್ದು ಅಂದರೆ ಲೀನಿಯರ್ ಪ್ರೋಗ್ರಾಮಿಂಗ್, ಇಲ್ಲವೇ ಡೆಫಿನಿಟ್ ಇಂಟಿಗ್ರಲ್‌ನ ಗುಣವೊಂದನ್ನು ಸಾಧಿಸಿ ಅದರಿಂದ ಒಂದು ಲೆಕ್ಕ. ಐದು ಅಂಕಕ್ಕೆ ಮೂರು ಸಮೀಕರಣಗಳನ್ನು ಮ್ಯಾಟ್ರಿಕ್ಸ್ ವಿಧಾನದಲ್ಲಿ ಬಿಡಿಸುವುದು. ಗೊತ್ತಿರುವ ಪಟ್ಟಿಯಿಂದ ಒಂದು ಇಂಟಿಗ್ರಲ್. ಪರೀಕ್ಷೆ ಹಾಲಿಗೆ ಹೋಗುವ ಮೊದಲೇ ಹುಡುಗರಿಗೆ ಇದೆಲ್ಲ ಗೊತ್ತು. ಕಷ್ಟದ ಲೆಕ್ಕ ಅಂತ ನಾವು ಕರೆಯುವುದು ಉದ್ದದ ಲೆಕ್ಕವನ್ನು. ಅದರಲ್ಲಿ ಕಷ್ಟ ಏನೂ ಇಲ್ಲ, ಪುಟ ಜಾಸ್ತಿ ಅಷ್ಟೇ.

ಇದರಲ್ಲಿ ನನ್ನ ಪಾಲು ದೊಡ್ಡದು. ಮುಚ್ಚಿಡುವುದಿಲ್ಲ. ಪ್ರತಿ ಜನವರಿಯಲ್ಲಿ ನಾನು ನಾಲ್ಕು ಪುಟದ ಒಂದು 'ಇಂಪಾರ್ಟೆಂಟ್' ಪಟ್ಟಿ ಬರೆಯುತ್ತಿದ್ದೆ. ಅದಕ್ಕೆ ಪಾಸಿಂಗ್ ಪ್ಯಾಕೇಜ್ ಅನ್ನೋ ಹೆಸರೂ ಇತ್ತು. ಬಸ್ ಸ್ಟ್ಯಾಂಡ್ ಪಕ್ಕದ ಝೆರಾಕ್ಸ್ ಅಂಗಡಿಯಲ್ಲಿ ಅದರ ಒಂದು ಪ್ರತಿ ಸದಾ ಇರುತ್ತಿತ್ತು. ಬೇರೆ ಕಾಲೇಜಿನ ಮಕ್ಕಳೂ ಬಂದು 'ಲೆಕ್ಕದ ಮೇಷ್ಟ್ರ ಇಂಪಾರ್ಟೆಂಟ್ ಕೊಡಿ' ಅಂತ ಕೇಳಿ ತೆಗೆದುಕೊಂಡು ಹೋಗುತ್ತಿದ್ದರು. ಫಲಿತಾಂಶ ಬಂದ ಮೇಲೆ ನನ್ನ ಪಟ್ಟಿಯಿಂದ ಎಷ್ಟು ಬಿತ್ತು ಅಂತ ಎಣಿಸಿ ಹೆಮ್ಮೆ ಪಡುತ್ತಿದ್ದೆ. ಜ್ಯೋತಿಷಿಗಳಿಗೂ ಅಷ್ಟು ಸರಿಯಾಗಿ ಭವಿಷ್ಯ ಹೇಳಲು ಆಗುತ್ತಿರಲಿಲ್ಲ. ಈಗ ಯೋಚಿಸಿದರೆ, ನನ್ನ ಜಾಣತನ ಅಂದುಕೊಂಡಿದ್ದು ನಿಮ್ಮ ಪ್ರಶ್ನೆಪತ್ರಿಕೆಯ ಸೋಮಾರಿತನ. ತಪ್ಪು ತಿಳಿಯಬೇಡಿ, ನಿಮ್ಮ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆ. ಹೊಸ ಲೆಕ್ಕ ಕೊಟ್ಟವನಿಗೆ ಬೈಗುಳ, ಹಳೆಯದು ಕೊಟ್ಟವನಿಗೆ 'ಪೇಪರ್ ಈಸಿ ಇತ್ತು' ಅನ್ನೋ ಹೊಗಳಿಕೆ.

ಹಳೆಯ ಸಿಲಬಸ್ಸಿನಲ್ಲಿ ಹೀಗಿರಲಿಲ್ಲ ಅನ್ನುವವರು ನನ್ನ ವಯಸ್ಸಿನವರಲ್ಲಿ ತುಂಬ ಜನ. ನನಗೆ ಆ ಭ್ರಮೆ ಇಲ್ಲ. 2013-14ರಲ್ಲಿ ಎರಡನೇ ಪಿಯುಸಿಗೆ ಎನ್‌ಸಿಇಆರ್‌ಟಿ ಪುಸ್ತಕ ಬರುವ ಮೊದಲು ನಮ್ಮದೇ ಪಠ್ಯ ಇತ್ತು. ಅದರಲ್ಲಿ ನಂಬರ್ ಥಿಯರಿಯ ಸ್ವಲ್ಪ ರುಚಿ ಇತ್ತು, ಗ್ರೂಪ್ ಇತ್ತು, ಕೋನಿಕ್ಸ್ ಇತ್ತು. ಚೆನ್ನಾಗಿತ್ತು. ಆದರೆ 'ಇದು ಗ್ರೂಪ್ ಎಂದು ತೋರಿಸಿ' ಅನ್ನುವುದನ್ನೂ ನಾವು ನಾಲ್ಕು ನಿಯಮದ ಮಂತ್ರ ಮಾಡಿ ಪಠಿಸುತ್ತಿದ್ದೆವು. ಕ್ಲೋಷರ್, ಅಸೋಸಿಯೇಟಿವ್, ಐಡೆಂಟಿಟಿ, ಇನ್ವರ್ಸ್. ಗ್ರೂಪ್ ಅಂದರೆ ಏನು, ಯಾಕೆ ಬೇಕು ಅಂತ ಕೇಳಿದ್ದರೆ ನಾನೇ ತಡವರಿಸುತ್ತಿದ್ದೆ.

ಇನ್ನೊಂದು ಕಡೆ ಸಿಇಟಿ. 60 ಪ್ರಶ್ನೆ, 80 ನಿಮಿಷ. ಒಂದು ಲೆಕ್ಕಕ್ಕೆ 80 ಸೆಕೆಂಡ್. ಅದರಲ್ಲಿ ಓದಬೇಕು, ಯೋಚಿಸಬೇಕು, ಉತ್ತರದ ವೃತ್ತ ತುಂಬಬೇಕು. ಹೀಗಾಗಿ ಕೋಚಿಂಗಿನವರು ಆಯ್ಕೆಗಳನ್ನು ಒಂದೊಂದಾಗಿ ಹಾಕಿ ನೋಡುವುದನ್ನು, ಎಕ್ಸ್ ಜಾಗದಲ್ಲಿ 1 ಹಾಕಿ ಉತ್ತರ ಹಿಡಿಯುವುದನ್ನು ಹೇಳಿಕೊಡುತ್ತಾರೆ. ಅವರನ್ನು ಬೈಯುವುದಿಲ್ಲ, ಆ ಪರೀಕ್ಷೆಗೆ ಅದೇ ಸರಿಯಾದ ಓದು. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯು ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಅಂದರೆ ಅರ್ಧ ಅಂಕ ಮೊದಲೇ ಗೊತ್ತಿರುವ ಲೆಕ್ಕಕ್ಕೆ. ಇನ್ನರ್ಧ 80 ಸೆಕೆಂಡಿನ ಲೆಕ್ಕಕ್ಕೆ. ಈ ಎರಡರ ನಡುವೆ, ಒಂದು ಲೆಕ್ಕದ ಮುಂದೆ ಅರ್ಧ ಗಂಟೆ ಸುಮ್ನೆ ಕೂತು, ತಪ್ಪಾಗಿ, ಹೊಡೆದುಹಾಕಿ, ಮತ್ತೆ ಶುರು ಮಾಡುವುದು ವಿಜ್ಞಾನದ ಹುಡುಗನಿಗೆ ಎರಡು ವರ್ಷದಲ್ಲಿ ಒಂದು ಸಲವೂ ಬರುವುದಿಲ್ಲ. ಮುಂದೆ ಅವನು ಮಾಡಬೇಕಾದ ಕೆಲಸ ಎಲ್ಲವೂ ಅಂಥದ್ದೇ, ಅಲ್ವಾ?

ಬೆಂಗಳೂರಿನ ಮೈಸೂರು ರಸ್ತೆಯಲ್ಲೇ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಇದೆ. ಅಲ್ಲಿ ಗಣಿತದ ಪದವಿಗೆ ಸೇರಲು ಇರುವ ಪ್ರವೇಶ ಪರೀಕ್ಷೆಯ ಒಂದು ಪತ್ರಿಕೆಯಲ್ಲಿ ಎರಡು ಗಂಟೆಗೆ ಎಂಟೇ ಎಂಟು ಲೆಕ್ಕ. ಹನ್ನೆರಡನೇ ತರಗತಿಯ ವಿಷಯಗಳೇ. ನಮ್ಮ ಔಟ್ ಆಫ್ ಔಟ್ ಹುಡುಗನೊಬ್ಬ ಅದಕ್ಕೆ ಕೂತು ಬಂದು ಹೇಳಿದ: "ಸಾರ್, ಒಂದು ಲೆಕ್ಕಾನೂ ನೋಡಿದ ಹಾಗೆ ಇರಲಿಲ್ಲ." ದೂರಿನ ದನಿ ಇರಲಿಲ್ಲ. ಅವನಿಗೆ ನಿಜಕ್ಕೂ ಆಶ್ಚರ್ಯ ಆಗಿತ್ತು. ನೋಡಿರದ ಲೆಕ್ಕವನ್ನು ಯಾರಾದರೂ ಕೊಡಬಹುದು ಅಂತ ಅವನಿಗೆ ನಾವು ಹೇಳಿಯೇ ಇರಲಿಲ್ಲ.

ಈಗ ದಾಳದ ಲೆಕ್ಕಕ್ಕೆ ಬರುತ್ತೇನೆ. ಇದನ್ನು ನಿಧಾನವಾಗಿ ಹೇಳಬೇಕು, ಯಾಕೆಂದರೆ ಇದರಲ್ಲಿ ನಾನು ಸೋತಿದ್ದೇನೆ.

ಒಬ್ಬ ಮನುಷ್ಯ ನಾಲ್ಕರಲ್ಲಿ ಮೂರು ಸಲ ನಿಜ ಹೇಳುತ್ತಾನೆ. ದಾಳ ಉರುಳಿಸಿ 'ಆರು ಬಿತ್ತು' ಅನ್ನುತ್ತಾನೆ. ನಿಜವಾಗಿಯೂ ಆರೇ ಬಿದ್ದಿರುವ ಸಂಭವನೀಯತೆ ಎಷ್ಟು? ಬೇಯ್ಸ್ ಪ್ರಮೇಯದ ಲೆಕ್ಕ. ಪುಸ್ತಕದ ಉತ್ತರ 3/8. ನಮ್ಮ ಕಾಲೇಜಿನ ಕಿರುಪರೀಕ್ಷೆಯಲ್ಲಿ ಮೂರು ಅಂಕಕ್ಕೆ ಕೊಟ್ಟಿದ್ದೆ. ಒಬ್ಬ ಹುಡುಗಿ 3/4 ಅಂತ ಬರೆದಿದ್ದಳು. ಸೂತ್ರ ಬರೆದದ್ದಕ್ಕೆ ಒಂದು ಅಂಕ ಕೊಟ್ಟು ಉಳಿದದ್ದಕ್ಕೆ ಕೆಂಪು ಗೆರೆ ಎಳೆದೆ. ಮಾರನೇ ದಿನ ಸ್ಟಾಫ್ ರೂಮಿನ ಬಾಗಿಲಲ್ಲಿ ಪೇಪರ್ ಹಿಡಿದು ನಿಂತಿದ್ದಳು.

"ಸಾರ್, ಅವನು ಸುಳ್ಳು ಹೇಳೋದಾದ್ರೆ ಯಾವಾಗ್ಲೂ ಆರು ಅಂತಾನೇ ಯಾಕೆ ಹೇಳ್ತಾನೆ? ಮೂರು ಬಿದ್ದಾಗ ಐದು ಅಂತ ಹೇಳಬಾರದಾ?"

ನನಗೆ ಮೊದಲು ರೇಗಿತು. ಆಮೇಲೆ ಮನೆಗೆ ಹೋಗಿ ಹಾಳೆ ತೆಗೆದುಕೊಂಡು ಕೂತೆ. ಅವನು 120 ಸಲ ದಾಳ ಉರುಳಿಸಿದ ಅಂದುಕೊಳ್ಳಿ. ಸರಾಸರಿ 20 ಸಲ ಆರು ಬೀಳುತ್ತದೆ. ಅದರಲ್ಲಿ 15 ಸಲ ನಿಜ ಹೇಳಿ 'ಆರು' ಅನ್ನುತ್ತಾನೆ. ಉಳಿದ 100 ಸಲ ಆರು ಬಿದ್ದಿಲ್ಲ. ಅದರಲ್ಲಿ 25 ಸಲ ಸುಳ್ಳು ಹೇಳುತ್ತಾನೆ. ಪುಸ್ತಕ ಏನು ಮಾಡುತ್ತದೆ ಅಂದರೆ, ಆ 25 ಸಲವೂ ಅವನು 'ಆರು' ಅಂತಲೇ ಹೇಳಿದ ಅಂತ ಹಿಡಿಯುತ್ತದೆ. ಆಗ ಒಟ್ಟು 40 ಸಲ 'ಆರು' ಅಂದ, ಅದರಲ್ಲಿ 15 ನಿಜ. 15/40, ಅಂದರೆ 3/8. ಹುಡುಗಿ ಹಿಡಿದದ್ದು ಬೇರೆ. ಸುಳ್ಳು ಹೇಳುವವನ ಮುಂದೆ ಐದು ಸುಳ್ಳು ಸಂಖ್ಯೆಗಳಿವೆ, ಯಾವುದನ್ನು ಬೇಕಾದರೂ ಹೇಳಬಹುದು. 25 ಸುಳ್ಳಿನಲ್ಲಿ 'ಆರು' ಅನ್ನೋದು 5 ಸಲ ಮಾತ್ರ. ಹಾಗಾದರೆ 20ರಲ್ಲಿ 15. 3/4.

ಅವನು 'ಆರು ಬಿತ್ತು' ಅಥವಾ 'ಆರು ಬೀಳಲಿಲ್ಲ' ಅಂತ ಎರಡೇ ಮಾತು ಆಡುವವನಾದರೆ ಪುಸ್ತಕ ಸರಿ. ಯಾವ ಸಂಖ್ಯೆ ಬಿತ್ತು ಅಂತ ಹೇಳುವವನಾದರೆ ಹುಡುಗಿ ಸರಿ. ಪ್ರಶ್ನೆಯಲ್ಲಿ ಅದನ್ನು ಹೇಳಿಲ್ಲ. ನಾನು ಅಷ್ಟು ವರ್ಷ ಈ ಲೆಕ್ಕ ಮಾಡಿಸಿದ್ದೆ, ಒಮ್ಮೆಯೂ ಇದು ಹೊಳೆದಿರಲಿಲ್ಲ. ಅವಳಿಗೆ ಮೂರಕ್ಕೆ ಮೂರು ಹಾಕಿದೆ. ಜೊತೆಗೆ ಒಂದು ಮಾತೂ ಹೇಳಿದೆ: "ಬೋರ್ಡ್ ಎಕ್ಸಾಮಿನಲ್ಲಿ ಮಾತ್ರ 3/8 ಅಂತಾನೇ ಬರಿ." ಅದೊಂದು ಮಾತು ಆಡಬಾರದಿತ್ತು. ಆದರೆ ಅವಳ ಅಂಕ ಹೋದರೆ ನಾನು ಎಲ್ಲಿಂದ ತಂದುಕೊಡಲಿ? ಅವಳ ಪೇಪರ್ ಯಾವ ಊರಿನ ಮೌಲ್ಯಮಾಪನ ಕೇಂದ್ರಕ್ಕೆ ಹೋಗುತ್ತದೋ, ಯಾರ ಕೈಗೆ ಸಿಗುತ್ತದೋ. ಅವರ ಮುಂದೆ ಕೀ ಆನ್ಸರ್ ಇರುತ್ತದೆ, ಪಕ್ಕದಲ್ಲಿ ಪೇಪರಿನ ಕಟ್ಟು ಇರುತ್ತದೆ. ನಾನೂ ಆ ಕುರ್ಚಿಯಲ್ಲಿ ಕೂತವನೇ. ಮಧ್ಯಾಹ್ನ ಊಟ ಆದ ಮೇಲೆ ಬರುವ ಪೇಪರುಗಳನ್ನು ಎಷ್ಟು ಗಮನ ಕೊಟ್ಟು ಓದುತ್ತೇವೆ ಅಂತ ನಮಗೇ ಗೊತ್ತು.

ಇನ್ನೂ ಒಂದು ಲೆಕ್ಕ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಇದು ಇಂಟಿಗ್ರಲ್ ಲೆಕ್ಕ. ಸೊನ್ನೆಯಿಂದ ಪೈ ಬೈ ಟೂವರೆಗೆ, ಮೇಲೆ ರೂಟ್ ಸೈನ್, ಕೆಳಗೆ ರೂಟ್ ಸೈನ್ ಪ್ಲಸ್ ರೂಟ್ ಕಾಸ್. ಉತ್ತರ ಪೈ ಬೈ ಫೋರ್. ನಮ್ಮ ಸೆಕೆಂಡ್ ಪಿಯುಸಿ ಮಕ್ಕಳಿಗೆ ಇದು ರಾಷ್ಟ್ರಗೀತೆ ಇದ್ದ ಹಾಗೆ. ಗುಣ ಸಾಧಿಸುತ್ತಾರೆ, ಎರಡು ಸಲ ಬರೆದು ಕೂಡಿಸುತ್ತಾರೆ, ಅರ್ಧ ಮಾಡುತ್ತಾರೆ. ಪೂರ್ತಿ ಅಂಕ. ಒಮ್ಮೆ ಅದೇ ಮಕ್ಕಳಿಗೆ ಬೇರೆ ವೇಷ ಹಾಕಿ ಕೊಟ್ಟೆ. 2ರಿಂದ 5ರವರೆಗೆ. ಮೇಲೆ ರೂಟ್ ಎಕ್ಸ್. ಕೆಳಗೆ ರೂಟ್ ಎಕ್ಸ್ ಪ್ಲಸ್ ರೂಟ್ ಆಫ್ 7 ಮೈನಸ್ ಎಕ್ಸ್. ಸೈನ್ ಇಲ್ಲ, ಪೈ ಇಲ್ಲ. ಹೆಚ್ಚಿನವರು ಪೆನ್ನು ಕೆಳಗಿಟ್ಟರು. ಕೆಲವರು ರೂಟ್ ತೆಗೆಯಲು ಹೋಗಿ ಎರಡು ಪುಟ ತುಂಬಿಸಿದರು. 2 ಮತ್ತು 5 ಕೂಡಿದರೆ 7 ಅನ್ನುವುದು ಒಂದಿಬ್ಬರಿಗೆ ಮಾತ್ರ ಕಂಡಿತು. ಉತ್ತರ 3/2, ಎರಡೇ ಸಾಲು.

ಇದರಲ್ಲಿ ನನಗೆ ಇಷ್ಟವಾದದ್ದು ಆ ಎರಡು ಸಾಲಲ್ಲ. ಗ್ರಾಫ್ ಹಾಕಿ ನೋಡಿ. 3 ಅಳತೆ ಉದ್ದ, 1 ಅಳತೆ ಎತ್ತರದ ಒಂದು ಹಾಳೆ. ಈ ವಕ್ರರೇಖೆ ಅದನ್ನು ಸೊಟ್ಟಗೆ ಕತ್ತರಿಸುತ್ತದೆ. ಮೇಲಿನ ತುಂಡನ್ನು ಅರ್ಧ ಸುತ್ತು ತಿರುಗಿಸಿ ಇಟ್ಟರೆ ಕೆಳಗಿನ ತುಂಡಿನ ಮೇಲೆ ಸರಿಯಾಗಿ ಕೂರುತ್ತದೆ. ಹಾಗಾದರೆ ಎರಡೂ ಸಮ, ಒಂದೊಂದೂ ಅರ್ಧ ಹಾಳೆ. ಇಂಟಿಗ್ರೇಷನ್ ಮಾಡದೆ ಇಂಟಿಗ್ರಲ್ ಸಿಕ್ಕಿತು! ಇದನ್ನು ನಾನು ಕ್ಯಾಲೆಂಡರಿನ ಹಾಳೆ ಕತ್ತರಿಸಿ ತೋರಿಸಿದ ದಿನ ಕ್ಲಾಸು ಗೌಜಿಯಾಗಿತ್ತು. ಪಕ್ಕದ ರೂಮಿನ ಕೆಮಿಸ್ಟ್ರಿ ಮೇಡಂ ಬಂದು ಏನಾಯಿತು ಅಂತ ವಿಚಾರಿಸಿಕೊಂಡು ಹೋದರು. ಆದರೆ ಹಾಗೆ ಒಂದು ಪೀರಿಯಡ್ ಕಳೆದರೆ ಪೋರ್ಷನ್ ಹಿಂದೆ ಬೀಳುತ್ತದೆ. ವರ್ಷಕ್ಕೆ ಎರಡೋ ಮೂರೋ ಅಂಥ ದಿನಗಳು, ಅಷ್ಟೇ. ಪುಸ್ತಕದಲ್ಲಿ ಪ್ರತಿ ಪಾಠದ ಕೊನೆಗೆ ಮಿಸಲೇನಿಯಸ್ ಎಕ್ಸರ್‌ಸೈಜ್ ಅಂತ ಇದೆಯಲ್ಲ, ಒಳ್ಳೆಯ ಲೆಕ್ಕಗಳೆಲ್ಲ ಅಲ್ಲೇ ಇವೆ. ಅದನ್ನು ಪೂರ್ತಿ ಮಾಡಿಸಿದ ವರ್ಷ ನನ್ನ ಸರ್ವೀಸಿನಲ್ಲಿ ಒಂದೂ ಇಲ್ಲ.

ಹಾಗಾದರೆ ನಾನು ಕೇಳುತ್ತಿರುವುದು ಏನು?

ಒಂದೇ ಒಂದು ಲೆಕ್ಕ. ಇ ವಿಭಾಗದ ಆ ನಾಲ್ಕು ಅಂಕದ್ದನ್ನು ನನಗೆ ಕೊಟ್ಟುಬಿಡಿ. ಅದು ಪುಸ್ತಕದಲ್ಲಿ ಇರಬಾರದು, ಹಿಂದಿನ ಪತ್ರಿಕೆಗಳಲ್ಲಿ ಇರಬಾರದು, ಕ್ವೆಶ್ಚನ್ ಬ್ಯಾಂಕಿನಲ್ಲಿ ಇರಬಾರದು. ಆದರೆ ಅದನ್ನು ಬಿಡಿಸಲು ಪುಸ್ತಕದಲ್ಲಿ ಇರುವುದು ಸಾಕಾಗಬೇಕು. ಆಯ್ಕೆಗೆ ಬಿಡಬೇಡಿ. ಆಯ್ಕೆ ಕೊಟ್ಟರೆ ಯಾರೂ ಮುಟ್ಟುವುದಿಲ್ಲ. ಮುಟ್ಟಬೇಡಿ ಅಂತ ನನ್ನಂಥ ಮೇಷ್ಟ್ರೇ ಹೇಳಿಕೊಡುತ್ತಾರೆ.

ಎಂಥ ಲೆಕ್ಕ ಅಂತ ಕೇಳುತ್ತೀರಿ. ನಿಮ್ಮ ಮೆಚ್ಚಿನ ಈರುಳ್ಳಿ ಲೆಕ್ಕವನ್ನೇ ತೆಗೆದುಕೊಳ್ಳಿ. 4 ಕಿಲೋ ಈರುಳ್ಳಿ, 3 ಕಿಲೋ ಗೋಧಿ, 2 ಕಿಲೋ ಅಕ್ಕಿಗೆ 60 ರೂಪಾಯಿ. 2 ಕಿಲೋ ಈರುಳ್ಳಿ, 4 ಕಿಲೋ ಗೋಧಿ, 6 ಕಿಲೋ ಅಕ್ಕಿಗೆ 90. 6 ಕಿಲೋ ಈರುಳ್ಳಿ, 2 ಕಿಲೋ ಗೋಧಿ, 3 ಕಿಲೋ ಅಕ್ಕಿಗೆ 70. ಬಿಡಿಸಿದರೆ ಈರುಳ್ಳಿ ಕಿಲೋಗೆ 5 ರೂಪಾಯಿ, ಗೋಧಿ 8, ಅಕ್ಕಿ 8. (ಈ ಅಂಗಡಿ ಎಲ್ಲಿದೆ ಅಂತ ಪ್ರತಿ ವರ್ಷ ಯಾರಾದರೂ ಒಬ್ಬರು ಕೇಳುತ್ತಾರೆ. ಪ್ರತಿ ವರ್ಷ ನಾನೂ ನಗುತ್ತೇನೆ.) ಈಗ ಮೂರನೇ ಬಿಲ್ ಬದಲಾಯಿಸಿ. 6 ಕಿಲೋ ಈರುಳ್ಳಿ, 7 ಕಿಲೋ ಗೋಧಿ, 8 ಕಿಲೋ ಅಕ್ಕಿ, 150 ರೂಪಾಯಿ. ಪ್ರಶ್ನೆ: ಈ ಮೂರು ಬಿಲ್ ನೋಡಿ ಒಂದೊಂದರ ಬೆಲೆ ಖಚಿತವಾಗಿ ಹೇಳಬಹುದೇ? ಮೂರನೇ ಬಿಲ್ 160 ರೂಪಾಯಿ ಇದ್ದಿದ್ದರೆ ಏನು ಹೇಳುತ್ತೀರಿ?

ಮಂತ್ರ ಕಲಿತವನು ಇನ್ವರ್ಸ್ ಹುಡುಕಲು ಹೋಗಿ ಡಿಟರ್ಮಿನಂಟ್ ಸೊನ್ನೆ ಬಂದು ಗಾಬರಿಯಾಗುತ್ತಾನೆ. ಸ್ವಲ್ಪ ನಿಂತು ನೋಡಿದವನಿಗೆ ಮೂರನೇ ಬಿಲ್ ಮೊದಲ ಎರಡರ ಮೊತ್ತ ಅಂತ ಕಾಣುತ್ತದೆ. ಅದರಿಂದ ಹೊಸ ಸುದ್ದಿಯೇ ಸಿಗುವುದಿಲ್ಲ. ಬೆಲೆ ಹೇಳಲಾಗುವುದಿಲ್ಲ. 160 ಆಗಿದ್ದರೆ? ಬೆಲೆ ಬದಲಾಗಿದೆ, ಇಲ್ಲವೇ ಅಂಗಡಿಯವರು ಕೂಡುವಾಗ ತಪ್ಪಿದ್ದಾರೆ. ಇದಕ್ಕೆ ಸಿಲಬಸ್ಸಿನ ಹೊರಗಿನ ಒಂದು ಅಕ್ಷರವೂ ಬೇಡ. ಸಂತೆಗೆ ಹೋಗಿ ಬಂದ ಹುಡುಗನಿಗೆ ಸಾಕು.

ಇಲ್ಲವೇ ಚಿಕ್ಕದು ಬೇಕಾ? ಸೈನ್ ಇಂಟು ಕಾಸ್ ಇಂಟಿಗ್ರೇಟ್ ಮಾಡಿ ಅಂದಾಗ ಒಬ್ಬ ಸೈನ್ ಸ್ಕ್ವೇರ್ ಬೈ ಟೂ ಅಂತ ಬರೆದ. ಇನ್ನೊಬ್ಬಳು ಮೈನಸ್ ಕಾಸ್ ಸ್ಕ್ವೇರ್ ಬೈ ಟೂ ಅಂದಳು. ಮೂರನೆಯವನು ಮೈನಸ್ ಕಾಸ್ ಟೂ ಎಕ್ಸ್ ಬೈ ಫೋರ್ ಅಂದ. ಯಾರು ಸರಿ, ಯಾಕೆ? ಮೂವರೂ ಸರಿ, ಮೂರು ಉತ್ತರಗಳ ನಡುವೆ ಇರುವುದು ಬರೀ ಒಂದು ಸ್ಥಿರಸಂಖ್ಯೆಯ ವ್ಯತ್ಯಾಸ. ಪ್ಲಸ್ ಸಿ ಅನ್ನೋದನ್ನು ಮಕ್ಕಳು ಒಂದು ಅಂಕ ಹೋಗದಿರಲಿ ಅಂತ ಬರೆಯುತ್ತಾರೆ. ಅದು ಯಾಕಿದೆ ಅಂತ ಈ ಒಂದು ಲೆಕ್ಕದಲ್ಲಿ ತಿಳಿಯುತ್ತದೆ.

ಪೋಷಕರು ಗಲಾಟೆ ಮಾಡುತ್ತಾರೆ ಅನ್ನುವ ನಿಮ್ಮ ಭಯ ನನಗೆ ಅರ್ಥವಾಗುತ್ತದೆ. 2024ರ ಸಿಇಟಿ ಯಾರಿಗೆ ಮರೆತಿದೆ? ಪಠ್ಯದಿಂದ ಕೈಬಿಟ್ಟ ಭಾಗಗಳಿಂದ ಪ್ರಶ್ನೆ ಬಂದು, ರಾಜ್ಯವೆಲ್ಲ ಗದ್ದಲವಾಗಿ, ಎಲ್ಲ ವಿಷಯ ಸೇರಿ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಬಿಡಬೇಕಾಯಿತು. ಆ ಗದ್ದಲ ನ್ಯಾಯವಾದದ್ದು. ಹೇಳಿಕೊಡದ ಪಾಠದಿಂದ ಕೇಳುವುದು ಮೋಸ. ಆದರೆ ಹೇಳಿಕೊಟ್ಟ ಪಾಠದಿಂದ ಹೊಸದಾಗಿ ಕೇಳುವುದು ಬೇರೆ. ಈ ಎರಡನ್ನೂ 'ಔಟ್ ಆಫ್ ಸಿಲಬಸ್' ಅನ್ನೋ ಒಂದೇ ಚೀಲಕ್ಕೆ ತುಂಬಿಬಿಟ್ಟಿದ್ದೇವೆ. ಅದಕ್ಕೆ ಒಂದು ವರ್ಷ ಮೊದಲೇ ಹೇಳಿಬಿಡಿ: ಕೊನೆಯ ನಾಲ್ಕು ಅಂಕದ್ದು ಹೊಸ ಲೆಕ್ಕ ಇರುತ್ತದೆ, ಮಾದರಿ ಇಲ್ಲಿದೆ ನೋಡಿ ಅಂತ ಇಪ್ಪತ್ತು ಕೊಡಿ. ಆ ಇಪ್ಪತ್ತರಲ್ಲಿ ಒಂದೂ ಪರೀಕ್ಷೆಗೆ ಬರುವುದಿಲ್ಲ ಅಂತಲೂ ಬರೆಯಿರಿ. ಇಲ್ಲದಿದ್ದರೆ ಝೆರಾಕ್ಸ್ ಅಂಗಡಿಯವನು ನಾಳೆಯೇ ಅದನ್ನು ಇಂಪಾರ್ಟೆಂಟ್ ಮಾಡುತ್ತಾನೆ.

ಪಾಸಾಗಬೇಕಾದ ಹುಡುಗ ಆ ನಾಲ್ಕು ಅಂಕ ಪೂರ್ತಿ ಬಿಟ್ಟರೂ ಪಾಸಾಗುತ್ತಾನೆ. ಔಟ್ ಆಫ್ ಔಟ್ ತೆಗೆಯುವವರು ಕಡಿಮೆಯಾಗುತ್ತಾರೆ. ಕಾಲೇಜುಗಳ ಮುಂದಿನ ಫ್ಲೆಕ್ಸಿನಲ್ಲಿ ಫೋಟೋ ಕಡಿಮೆಯಾಗುತ್ತದೆ. ಆಗಲಿ.

ಹಳ್ಳಿಯ ಮಕ್ಕಳಿಗೆ, ಕನ್ನಡ ಮಾಧ್ಯಮದಿಂದ ಬಂದವರಿಗೆ ಅನ್ಯಾಯ ಆಗುತ್ತದೆ ಅನ್ನುವ ಮಾತೂ ಬರುತ್ತದೆ. ಈ ಮಾತು ಹೇಳುವವರಲ್ಲಿ ಹೆಚ್ಚಿನವರು ಹಳ್ಳಿಯ ಮಕ್ಕಳಿಗೆ ಪಾಠ ಮಾಡಿದವರಲ್ಲ. ನಾನು ಮಾಡಿದ್ದೇನೆ. ಎಸ್ಸೆಸ್ಸೆಲ್ಸಿ ಕನ್ನಡದಲ್ಲಿ ಮುಗಿಸಿ ಬಂದ ಮಗುವಿಗೆ ಮೊದಲ ಪಿಯುಸಿಯ ಮೊದಲ ಮೂರು ತಿಂಗಳು ನರಕ, ನಿಜ. ಆದರೆ ಅದು ಇಂಗ್ಲಿಷಿನ ನರಕ, ಲೆಕ್ಕದ್ದಲ್ಲ. ಏಣಿಯ ಪ್ರಶ್ನೆ ಕೇಳಿದವನು, ದಾಳದ ಪ್ರಶ್ನೆ ಕೇಳಿದವಳು, ಇಬ್ಬರೂ ಕನ್ನಡ ಮಾಧ್ಯಮದವರೇ. ನಿಜವಾದ ಅನ್ಯಾಯ ಈಗ ನಡೆಯುತ್ತಿದೆ. ಲಕ್ಷಗಟ್ಟಲೆ ಫೀಸು ಕೊಟ್ಟು ಇಂಟಿಗ್ರೇಟೆಡ್ ಕೋಚಿಂಗಿಗೆ ಹೋದವನಿಗೆ ಅದೇ ಲೆಕ್ಕವನ್ನು ನಲವತ್ತು ಸಲ ಮಾಡಿಸುತ್ತಾರೆ. ನಮ್ಮ ಕಾಲೇಜಿನವನು ನಾಲ್ಕು ಸಲ ಮಾಡುತ್ತಾನೆ. ಗೊತ್ತಿರುವ ಲೆಕ್ಕದ ಪರೀಕ್ಷೆಯಲ್ಲಿ ಗೆಲ್ಲುವವರು ಯಾರು? ಯಾರೂ ನೋಡಿರದ ಲೆಕ್ಕದ ಮುಂದೆ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತಿರುತ್ತಾರೆ.

ಮೌಲ್ಯಮಾಪನ ಕಷ್ಟ, ಒಪ್ಪುತ್ತೇನೆ. ಹೊಸ ಲೆಕ್ಕಕ್ಕೆ ಹತ್ತು ದಾರಿ ಇರುತ್ತವೆ. ಸ್ಕೀಮ್ ಬರೆಯುವಾಗ ಉತ್ತರದ ಜೊತೆಗೆ ಯೋಚನೆಗೂ ಅಂಕ ಇಡಿ. ಚಿತ್ರ ಬರೆದಿದ್ದಾನಾ, ಚಿಕ್ಕ ಸಂಖ್ಯೆ ಹಾಕಿ ನೋಡಿದ್ದಾಳಾ, ತಾನು ಏನನ್ನು ಹಿಡಿದುಕೊಂಡೆ ಅಂತ ಒಂದು ಸಾಲು ಹೇಳಿದ್ದಾಳಾ, ಅದಕ್ಕೆ ಒಂದೋ ಎರಡೋ ಕೊಡಿ. ನಾಲ್ಕು ಅಂಕಕ್ಕೆ ಒಂದು ಪುಟ ಓದಲು ನಮಗೆ ಎರಡು ನಿಮಿಷ ಜಾಸ್ತಿ ಹಿಡಿಯುತ್ತದೆ. ಆ ಎರಡು ನಿಮಿಷಕ್ಕೆ ಭತ್ಯೆ ಜಾಸ್ತಿ ಕೊಟ್ಟರೆ ಇನ್ನೂ ಒಳ್ಳೆಯದು, ಅದನ್ನು ಬೇರೆ ಪತ್ರದಲ್ಲಿ ಬರೆಯುತ್ತೇನೆ.

ಆಂತರಿಕ ಮೌಲ್ಯಮಾಪನದ 20 ಅಂಕ ಈಗ ಬಂದಿದೆಯಲ್ಲ, ಬರವಣಿಗೆ 80ಕ್ಕೆ ಇಳಿದು. ನಿಜ ಹೇಳಬೇಕೆಂದರೆ ನಾನು ಎಲ್ಲರಿಗೂ ಕೈಬಿಚ್ಚಿ ಕೊಟ್ಟೆ. ಅದರಲ್ಲಿ ಐದು ಅಂಕವನ್ನು ಒಂದು ವಾರದ ಲೆಕ್ಕಕ್ಕೆ ಇಡಬಹುದಿತ್ತು. ಮನೆಗೆ ತೆಗೆದುಕೊಂಡು ಹೋಗಲಿ, ಅಣ್ಣನನ್ನು ಕೇಳಲಿ, ಮೊಬೈಲ್ ನೋಡಲಿ. ಆಮೇಲೆ ಬಂದು ಬೋರ್ಡಿನ ಮುಂದೆ ಐದು ನಿಮಿಷ ನನಗೆ ಅರ್ಥ ಮಾಡಿಸಲಿ. ಹಂಗೇರಿಯ ಗ್ಯೋರ್ ಅನ್ನೋ ಊರಿನಲ್ಲಿ ಡಾನಿಯೆಲ್ ಅರಾನಿ ಎಂಬ ಹೈಸ್ಕೂಲ್ ಮೇಷ್ಟ್ರು 1894ರಲ್ಲಿ ಮಕ್ಕಳಿಗಾಗಿ ಲೆಕ್ಕದ ಮಾಸಿಕವೊಂದನ್ನು ಶುರು ಮಾಡಿದರು. ಲೆಕ್ಕ ಅಚ್ಚು ಹಾಕುವುದು, ಮಕ್ಕಳು ಅಂಚೆಯಲ್ಲಿ ಉತ್ತರ ಕಳಿಸುವುದು. ಯುದ್ಧಗಳ ಕಾಲದಲ್ಲಿ ನಿಂತು, ಮತ್ತೆ ಶುರುವಾಗಿ ಈಗಲೂ ನಡೆಯುತ್ತಿದೆ. ಅದಕ್ಕೆ ಬೇಕಾಗಿದ್ದದ್ದು ಹಾಳೆ, ಅಂಚೆಚೀಟಿ, ಮತ್ತೆ ಉತ್ತರ ಓದುವ ತಾಳ್ಮೆ ಇರುವ ಮೇಷ್ಟ್ರು. ನಮ್ಮ ಮಕ್ಕಳ ಕೈಯಲ್ಲಿ ಅಂಚೆಚೀಟಿಯ ಖರ್ಚೂ ಇಲ್ಲದ ಫೋನಿದೆ.

ಈಗ ಸಂಜೆ ಹೊತ್ತು ನಾಲ್ಕೈದು ಮಕ್ಕಳು ನಮ್ಮ ಮನೆಯ ಜಗಲಿಗೆ ಬರುತ್ತಾರೆ. ಟ್ಯೂಷನ್ ಅಲ್ಲ, ಪೋರ್ಷನ್ ಇಲ್ಲ. ಹೋದ ತಿಂಗಳು ಅವರಿಗೆ ಅದೇ ಏಣಿ ಕೊಟ್ಟೆ, ಆದರೆ ಏಣಿಯ ನಟ್ಟನಡುವಿನ ಮೆಟ್ಟಿಲ ಮೇಲೆ ಒಂದು ಬೆಕ್ಕು ಕೂರಿಸಿದೆ. ಏಣಿ ಜಾರುವಾಗ ಬೆಕ್ಕು ಯಾವ ದಾರಿಯಲ್ಲಿ ಕೆಳಗೆ ಬರುತ್ತದೆ? ಏಣಿ ಕೊನೆಯವರೆಗೂ ಗೋಡೆ ಬಿಡುವುದಿಲ್ಲ ಅಂತ ಈ ಸಲ ನಾನೇ ಮೊದಲು ಹೇಳಿದೆ. ಬೆಕ್ಕಿನ ದಾರಿ ಮೂಲೆಯ ಕಡೆಗೆ ಬಾಗಿರುತ್ತದೆ ಅಂತ ಎಲ್ಲರೂ ಕೈ ಆಡಿಸಿ ತೋರಿಸಿದರು. ನಿಮ್ಮಲ್ಲಿ ಕೆಲವರೂ ಈಗ ಹಾಗೇ ಅಂದುಕೊಂಡಿರಬಹುದು. ಒಬ್ಬಳು ಒಳಗೆ ಹೋಗಿ ಜೇಡ ತೆಗೆಯುವ ಕೋಲು ತಂದಳು. ಅದರ ನಡುವಿಗೆ ಇದ್ದಿಲ ಚೂರು ಕಟ್ಟಿದಳು. ಇಬ್ಬರು ಎರಡು ತುದಿ ಹಿಡಿದು, ಪಕ್ಕದ ಗೋಡೆಗೆ ತಾಗಿಸಿಕೊಂಡು ನಿಧಾನವಾಗಿ ಜಾರಿಸಿದರು. ಗೆರೆ ಉಲ್ಟಾ ಕಡೆಗೆ ಉಬ್ಬಿ ಬಂತು. ಅಚ್ಚುಕಟ್ಟಾದ ಕಾಲು ವೃತ್ತ, ಮೂಲೆಯೇ ಅದರ ಕೇಂದ್ರ.

ಯಾಕೆ ವೃತ್ತ ಅಂತ ಸಾಧಿಸಲು ಅವರಿಗೆ ನಲವತ್ತು ನಿಮಿಷ ಹಿಡಿಯಿತು. ಬರೆದ ಮೇಲೆ ನೋಡಿದರೆ ಮೂರು ಸಾಲು. ನಾನು ಬಾಯಿ ಬಿಡದೆ ಕೂತಿದ್ದೆ, ಅದೇನು ಸುಲಭ ಇರಲಿಲ್ಲ. ಗೋಡೆಯ ಮೇಲೆ ಆ ಕರಿ ಗೆರೆ ಇನ್ನೂ ಇದೆ. ಯಾವಾಗ ಒರೆಸ್ತೀರಿ ಅಂತ ಮನೆಯವಳು ದಿನಾ ಕೇಳುತ್ತಿದ್ದಾಳೆ.

ಇಂತಿ,
ನಿವೃತ್ತ ಲೆಕ್ಕದ ಮೇಷ್ಟ್ರು